ಬ್ಯುಸಿ ಇದ್ಯನೇ?

ಅಮ್ಮ ಫೋನ್ ಮಾಡಿದಾಗಲೆಲ್ಲ ಮೊದಲ ಮಾತು ಇದೇ: “ಬ್ಯುಸಿ ಇದ್ಯನೇ ಕೂಸೇ?” ನಮ್ಮ ಮನೆಯ ಹವ್ಯಕ ಮಾತಿನಲ್ಲಿ ಆ ಪದ ಇರಲಿಲ್ಲ. ಕಲಿಸಿದ್ದು ನಾನು. “ಬ್ಯುಸಿ ಇದ್ದಿ ಅಮ್ಮ, ಕಡೆಗೆ ಮಾಡ್ತಿ” ಅಂತ ಹನ್ನೊಂದು ವರ್ಷ ಹೇಳಿದ್ದೇನೆ. ಆ ‘ಕಡೆಗೆ’, ಅಂದರೆ ‘ಆಮೇಲೆ’, ಎಷ್ಟು ಸಲ ಬಂತು ಅಂತ ಈಗ ಯೋಚಿಸಿದರೆ ಸಂಕಟವಾಗುತ್ತದೆ.

2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ದೊಡ್ಡ ಚರ್ಚೆಯಾಯಿತು. ನಾನು ಮನಸ್ಸಿನಲ್ಲೇ ನನ್ನ ಗಂಟೆಗಳನ್ನು ಕೂಡಿಸಿದೆ. ರಾತ್ರಿ ಅಮೆರಿಕದ ತಂಡದ ಜೊತೆಗಿನ ಕರೆ, ಭಾನುವಾರದ ಸಾಫ್ಟ್‌ವೇರ್ ರಿಲೀಸ್ ಎಲ್ಲ ಸೇರಿ 70 ದಾಟಿತ್ತು. ನಿಜ ಹೇಳುತ್ತೇನೆ, ಆಗ ನನಗೆ ಹೆಮ್ಮೆಯಾಗಿತ್ತು.

ಅದಾಗಿ ಒಂದು ತಿಂಗಳೊಳಗೆ, ಒಂದು ರಾತ್ರಿ ಕರೆಯಲ್ಲಿ ಯಾರೋ ಸಣ್ಣ ಪ್ರಶ್ನೆ ಕೇಳಿದರು. ಉತ್ತರ ಗೊತ್ತಿತ್ತು, ನಾನೇ ಬರೆದ ಕೋಡ್ ಅದು. ಆದರೆ ಮಾತು ಹೊರಡಲಿಲ್ಲ. ಪರದೆಯ ಮೇಲಿನ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತ ಕೂತೆ. ಮರುದಿನ ಬೆಳಿಗ್ಗೆ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಮೆಟ್ಟಲಾಗದೆ ಬಾಗಿಲ ಹತ್ತಿರ ಕುಸಿದು ಕೂತವಳು ಎದ್ದದ್ದು ಬಿಸಿಲು ಮೈಮೇಲೆ ಬಂದಾಗ. ಅದೇ ರಾತ್ರಿ ತಾಳಗುಪ್ಪ ರೈಲು ಹತ್ತಿದೆ. ಸಾಗರದಲ್ಲಿ ಇಳಿದಾಗ ಇನ್ನೂ ನಸುಕು. ಅಮ್ಮ ಮುಖ ನೋಡಿ ಏನೂ ಕೇಳಲಿಲ್ಲ. “ಈಗ ಮನಿಕ್ಯ, ಕಡೆಗೆ ಮಾತಾಡನ” ಅಂದಳು.

ವಿಶ್ರಾಂತಿಗೆಂದು ಬಂದ ಮನೆಯಲ್ಲಿ ಅಡಕೆ ಕೊಯ್ಲು ನಡೆಯುತ್ತಿತ್ತು. ವರ್ಷದಲ್ಲೇ ಹೆಚ್ಚು ಕೆಲಸದ ದಿನಗಳು. ಮರ ಹತ್ತಿ ಅಡಕೆ ಗೊನೆ ಕೊಯ್ಯುವ ಕೊನೆಗೌಡ ಬೆಳಗಿನಿಂದ ತೋಟದಲ್ಲಿ, ಅಪ್ಪಯ್ಯ ಕೊನೆ ಹೊರಿಸುವ ಗಡಿಬಿಡಿಯಲ್ಲಿ. ಸಂಜೆಯಾದರೆ ಅಂಗಳದ ಚಪ್ಪರದಡಿ ಹತ್ತು-ಹನ್ನೆರಡು ಹೆಂಗಸರು ಮೆಟ್ಟುಗತ್ತಿ ಹಾಕಿ ಕೂರುತ್ತಿದ್ದರು. ಎರಡು ದಿನ ನಿದ್ದೆ ಮಾಡಿ, ಮೂರನೆಯ ಸಂಜೆ ನಾನೂ ಅವರ ಪಕ್ಕ ಹೋಗಿ ಕೂತೆ.

ಆ ಸಂಜೆಯ ಬಗ್ಗೆ ಹೇಳಲೇಬೇಕು. ಹಸಿ ಅಡಕೆಯನ್ನು ಕತ್ತಿಗೆ ಒತ್ತಿ, ಸಿಪ್ಪೆ ಬಿಡಿಸಿ, ಬೇಳೆಯನ್ನು ಡಬ್ಬಕ್ಕೆ ಎಸೆಯಬೇಕು. ಅವರ ಕೈ ಓಡುವುದು ಕಣ್ಣಿಗೆ ಹಿಡಿಯುತ್ತಿರಲಿಲ್ಲ. ನನ್ನದು ನಿಧಾನ. ಮೊದಲ ಅರ್ಧ ಗಂಟೆ ಬೆರಳು ಸುಮ್ಮನೆ ಫೋನ್ ಹುಡುಕುತ್ತಿತ್ತು. ಆಮೇಲೆ ಅಡಕೆಯ ರಸ ಹತ್ತಿ ಬೆರಳೆಲ್ಲ ಅಂಟಾಯಿತು, ಮುಟ್ಟುವ ಹಾಗೇ ಇರಲಿಲ್ಲ. ಒಬ್ಬರ ಮಗಳ ಹೆರಿಗೆ, ಇನ್ನೊಬ್ಬರ ಎಮ್ಮೆ, ಸೊಸೈಟಿ ಸಾಲ, ಹೀಗೆ ಮಾತು ಸಾಗಿತ್ತು. ಹಂಡೆಯಲ್ಲಿ ಅಡಕೆ ಬೇಯಿಸುವ ಚೊಗರು ಕುದಿಯುವ ಒಗರು ವಾಸನೆ. ಹತ್ತೂವರೆ ಹೊತ್ತಿಗೆ ರಾಶಿ ಮುಗಿಯಿತು. ಪಕ್ಕದಲ್ಲಿದ್ದ ಅಕ್ಕ ಸೆರಗು ಕೊಡವಿ ಎದ್ದು, “ಇವತ್ತಿಂದು ಮುಗೀತಮ್ಮ” ಅಂದರು. ಡಬ್ಬ ಲೆಕ್ಕ ಬರೆಸಿ, ಚಾ ಕುಡಿದು, ಟಾರ್ಚ್ ಹಿಡಿದು ಹೊರಟರು.

ಮುಗೀತು ಎಂಬ ಮಾತನ್ನು ನಾನು ಹೇಳಿದ್ದು ಯಾವಾಗ? ನೆನಪಾಗಲಿಲ್ಲ. ಒಂದು ರಿಲೀಸ್ ಮುಗಿಯುವ ಮೊದಲೇ ಮುಂದಿನದರ ಪಟ್ಟಿ ಬರುತ್ತಿತ್ತು. ನಾನು ದಣಿದದ್ದು ಕೆಲಸದಿಂದ ಅಲ್ಲ ಎಂದು ಹೇಳಲಾರೆ, ಕೆಲಸವೂ ವಿಪರೀತವೇ ಇತ್ತು. ಆದರೆ ಅಂಚಿಲ್ಲದ ಕೆಲಸ ಅದಕ್ಕಿಂತ ಹೆಚ್ಚು ತಿಂದಿತ್ತು. ಹಾಗಂತ ಆ ಅಕ್ಕನ ದುಡಿಮೆಯನ್ನು ಚಂದ ಮಾಡಿ ಹೇಳುವುದು ತಪ್ಪು. ಹಗಲಿಡೀ ಕೂಲಿ ಮಾಡಿ ರಾತ್ರಿ ಸುಲಿಯಲು ಬರುವವರು ಅವರು. ನಾಲ್ಕು ವಾರ ಸಂಬಳವಿಲ್ಲದ ರಜೆ ಹಾಕುವ ಅನುಕೂಲ ನನಗಿತ್ತು, ಅವರಿಗಿಲ್ಲ. ಇದನ್ನು ಮರೆಯಬಾರದು ಅನ್ನಿಸುತ್ತದೆ.

ಅಡಕೆ ಸುಲಿದರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. ಎದೆ ಡವಡವ, ಬೆಳಗಿನ ಜಾವದ ಎಚ್ಚರ ಹಾಗೇ ಇದ್ದವು. ಒಂದು ರಾತ್ರಿ ಜಗುಲಿಯಲ್ಲಿ ಕೂತು 14416ಕ್ಕೆ, ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಗೆ, ಕರೆ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಆಮೇಲೆ ಆಪ್ತಸಮಾಲೋಚಕಿಯೊಬ್ಬರನ್ನು ಕಂಡೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆಯೆಂದಲ್ಲ, ಕೆಲಸದ ಜಾಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ವಿವರಿಸಿದೆ ಎಂದರು. ಬಸವಳಿಯುವುದು, ಕೆಲಸದ ಮೇಲೆ ಬೇಸರ ಬಂದು ಮನಸ್ಸು ದೂರವಾಗುವುದು, ನನ್ನ ಕೈಲಿ ಏನೂ ಆಗದು ಅನ್ನಿಸುವುದು, ಈ ಮೂರೂ ನನ್ನಲ್ಲಿದ್ದವು. ಕೆಲಸದ ಜಾಗಕ್ಕೆ ಸಂಬಂಧಿಸಿದ್ದು ಎಂದು ಕೇಳಿ ಅತ್ತುಬಿಟ್ಟೆ. ಅಲ್ಲಿಯವರೆಗೆ ನಾನೇ ಗಟ್ಟಿಯಿಲ್ಲ ಅಂದುಕೊಂಡಿದ್ದೆ.

ಬೆಂಗಳೂರಿಗೆ ವಾಪಸಾದ ಮೇಲೆ ಫೋನಿನಿಂದ ಆಫೀಸ್ ಮೇಲ್ ತೆಗೆದೆ. ರಾತ್ರಿ ಕರೆ ವಾರಕ್ಕೆ ಒಂದೇ ಎಂದು ಮ್ಯಾನೇಜರ್ ಹತ್ತಿರ ಕೂತು ಮಾತಾಡಿದೆ. ತಂಡ ಮುನ್ನಡೆಸುವ ಜಾಗ ಬೇಡವೆಂದೆ. ಆ ವರ್ಷ ರೇಟಿಂಗ್ ಇಳಿಯಿತು, ನೋವಾಯಿತು. ಏಳೂವರೆಗೆ ಲ್ಯಾಪ್‌ಟಾಪ್ ಮುಚ್ಚಿ, ಗಟ್ಟಿಯಾಗಿ “ಇವತ್ತಿಂದು ಮುಗೀತು” ಅನ್ನುತ್ತೇನೆ. ಮೊದಲ ದಿನಗಳಲ್ಲಿ ಅದು ಸುಳ್ಳು ಅನ್ನಿಸುತ್ತಿತ್ತು.

ಮೊನ್ನೆ ಎಂಟು ಗಂಟೆಗೆ ಅಮ್ಮನ ಫೋನ್ ಬಂತು. ಎತ್ತಿದ ಕೂಡಲೇ, “ಕೇಳ್ಚನೇ, ಇವತ್ತೂ ಕೊನೆಗೌಡ ಬಂಜ್ನಿಲ್ಲೆ” ಅಂತ ಶುರು ಮಾಡಿದಳು. ಮುಕ್ಕಾಲು ಗಂಟೆ ಮಾತಾಡಿದೆವು. ಬ್ಯುಸಿ ಇದ್ಯನೇ ಅಂತ ಕೇಳಲೇ ಇಲ್ಲ.