ಕ್ಯಾರಿಯರ್‌ಗೆ ಕೆಜಿ ಲೆಕ್ಕ ಬಿಟ್ಟ ಕಥೆ

ನಮ್ಮದು ಮೂಡಿಗೆರೆ ಕಡೆಯ ಸಣ್ಣ ವೆಲ್ಡಿಂಗ್ ಶೆಡ್ಡು. ಗೇಟು, ಕಿಟಕಿ ಗ್ರಿಲ್ಲು, ಶೀಟಿನ ಮಾಡು, ನೀರಿನ ಟ್ಯಾಂಕಿಗೆ ಸ್ಟ್ಯಾಂಡು, ಇಂಥವೇ ಜಾಸ್ತಿ. ಮಧ್ಯೆ ಮಧ್ಯೆ ಜೀಪಿನ ಕೆಲಸವೂ ಬರುತ್ತದೆ. ಇಲ್ಲಿನ ತೋಟದ ರಸ್ತೆಗಳಲ್ಲಿ ಮಳೆಗಾಲ ಶುರುವಾದರೆ ಫೋರ್ ವೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿ ಇಲ್ಲದೆ ಮನೆ ಸೇರುವುದೇ ಕಷ್ಟ.

ನಮ್ಮಂಥ ಶೆಡ್ಡುಗಳಲ್ಲಿ ರೇಟು ಹೇಳುವುದು ಕೆಜಿ ಲೆಕ್ಕದಲ್ಲಿ. ಕಬ್ಬಿಣ, ಕೂಲಿ, ಪೇಂಟು ಎಲ್ಲ ಸೇರಿ ಕೆಜಿಗೆ ಇಷ್ಟು ಅಂತ. ಗೇಟಿಗೆ ಅದು ಸರಿ. ಗೇಟು ಭಾರ ಇದ್ದಷ್ಟೂ ಗಿರಾಕಿಗೆ ಖುಷಿ, ನಮಗೂ ಖುಷಿ. ಗಾಡಿ ಮೇಲೆ ಸಾಮಾನು ಹೇರೋಕೆ ಹಾಕುವ ಕಬ್ಬಿಣದ ಚೌಕಟ್ಟು ಇದೆಯಲ್ಲ, ಆ ಕ್ಯಾರಿಯರ್‌ಗೂ ಅದೇ ಲೆಕ್ಕ ಹಾಕಿ ನಾನು ಕೆಟ್ಟೆ.

ಫೆಬ್ರವರಿ ತಿಂಗಳು, ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾರಿಸುವ ಕಾಲ. ತೋಟದ ಗೌಡ್ರೊಬ್ಬರು ಹಳೇ ಫೋರ್ ವೀಲ್ ಬೊಲೆರೊ ತಂದು ನಿಲ್ಲಿಸಿದರು. ಮೇಲೆ ಕ್ಯಾರಿಯರ್ ಬೇಕು, ಏಣಿ, ಡೀಸೆಲ್ ಕ್ಯಾನು, ಹಗ್ಗ ಎಲ್ಲ ಹಾಕಬೇಕು ಅಂದರು. "ಗಟ್ಟಿ ಮಾಡ್ಕೊಡು ಮಾರಾಯ, ಮುರಿದ್ರೆ ನಿನ್ನನ್ನೇ ಮೇಲೆ ಕೂರಿಸ್ಕೊಂಡು ಹೋಗ್ತೀನಿ." ನಾನೂ ಜಂಬದಲ್ಲಿ, "ಆಯ್ತು ಗೌಡ್ರೇ, ನೀವು ಹತ್ತಿ ಕುಣಿದ್ರೂ ಏನೂ ಆಗಲ್ಲ" ಅಂದೆ. ಉದ್ದ ಅಗಲ ಕೇಳಿದೆ. ಸ್ಪ್ರಿಂಕ್ಲರ್ ಪೈಪನ್ನೂ ಇದರ ಮೇಲೇ ಸಾಗಿಸುತ್ತೀರಾ ಅಂತ ಮಾತ್ರ ಕೇಳಲಿಲ್ಲ.

7 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಕೆಳಗೊಂದು ಸುತ್ತು, ಮೇಲೊಂದು ಸುತ್ತು, ಅಡ್ಡಕ್ಕೆ 8 ಪೈಪು, ಎರಡು ಸುತ್ತಿನ ನಡುವೆ ಅರ್ಧ ಅಡಿಯ ನಿಲುವು ಗುಜ್ಜುಗಳು. ಲೆಕ್ಕ ಹಾಕಿದರೆ ಸುಮಾರು 90 ಅಡಿ ಪೈಪು. ನಾನು ತೆಗೆದುಕೊಂಡಿದ್ದು 1 ಇಂಚಿನ ದುಂಡು ಪೈಪು, 3 ಎಂಎಂ ದಪ್ಪದ್ದು. 20 ಅಡಿಯ ಒಂದು ಪೈಪು 10 ಕೆಜಿ ತೂಗುತ್ತದೆ. ಅಂದರೆ ಪೈಪೇ 45 ಕೆಜಿ. ಕಾಲು, ಕ್ಲ್ಯಾಂಪು, ಬೋಲ್ಟು ಸೇರಿ 50 ದಾಟಿತು. ಎತ್ತಿ ಇಡೋಕೆ ಮೂರು ಜನ ಬೇಕಾಯಿತು. ಗೌಡ್ರು ತಟ್ಟಿ ನೋಡಿ, "ಆನೆ ಇದ್ದಂಗಿದೆ" ಅಂದು ಕೆಜಿ ಲೆಕ್ಕದಲ್ಲಿ ದುಡ್ಡು ಎಣಿಸಿ ಹೋದರು.

ತಿಂಗಳು ತುಂಬುವ ಮೊದಲೇ ವಾಪಸ್ ಬಂದರು. ಗಟರ್ ಅಂದರೆ ಗಾಡಿಯ ಮಾಡಿನ ಅಂಚಿನಲ್ಲಿರುವ ಮಳೆ ನೀರಿನ ಕಾಲುವೆ, ಕ್ಯಾರಿಯರ್ ಕಾಲನ್ನು ಕ್ಲ್ಯಾಂಪಿನಲ್ಲಿ ಕಚ್ಚಿಸುವುದು ಅದಕ್ಕೇ. ಮುಂದಿನ ಎರಡೂ ಕ್ಲ್ಯಾಂಪಿನ ಹತ್ತಿರ ಗಟರ್‌ನ ಅಂಚು ದೋಸೆ ಮಗುಚುವಾಗ ಏಳುವ ಹಾಗೆ ಮೇಲೆದ್ದಿತ್ತು. ಹಿಂದಿನ ಎಡಗಡೆ ಕಾಲು ಸೀಳು ಬಿಟ್ಟಿತ್ತು.

ಆಗ ಗೊತ್ತಾಯಿತು, ಮೇಲೆ ಹಾಕಿದ್ದು ಅಲ್ಯೂಮಿನಿಯಂ ಸ್ಪ್ರಿಂಕ್ಲರ್ ಪೈಪು. 20 ಅಡಿಯದು, ಒಂದೊಂದು ಐದಾರು ಕೆಜಿ. ಒಂದೇ ಸಲಕ್ಕೆ 15 ಪೈಪು ಹೇರಿದ್ದರು. ಪೈಪು 20 ಅಡಿ, ನನ್ನ ಕ್ಯಾರಿಯರ್ 7 ಅಡಿ. ಮುಂದಿನ ಗಾಜಿಗೆ ಅಡ್ಡ ಬರಬಾರದು ಅಂತ ಬಹುಪಾಲು ಪೈಪನ್ನು ಹಿಂದಕ್ಕೆ ತಳ್ಳಿ ಕಟ್ಟಿದ್ದರು. ಏತ ನೋಡಿದ್ದೀರಲ್ವಾ, ಹಿಂದೆ ತೂಕ ಬಿದ್ದರೆ ಮುಂದಿನ ತುದಿ ಮೇಲೇಳುತ್ತದೆ. ಗಾಡಿ ಗುಂಡಿಗೆ ಇಳಿದಾಗೆಲ್ಲ ಹಿಂದೆ ಚಾಚಿದ ಬಾಲ ಕುಣಿಯಿತು. ಕುಣಿದಾಗೆಲ್ಲ ಮುಂದಿನ ಕಾಲುಗಳು ಗಟರನ್ನು ಮೇಲಕ್ಕೆ ಕಿತ್ತವು, ಹಿಂದಿನ ಕಾಲುಗಳ ಮೇಲೆ ಎಲ್ಲ ಭಾರ ಬಿತ್ತು. ಇದರ ಜೊತೆಗೆ ನನ್ನ ಕ್ಯಾರಿಯರ್‌ನ 50 ಕೆಜಿಯೂ ಕುಣಿಯುತ್ತಿತ್ತು.

ಸೀಳನ್ನು ಹತ್ತಿರದಿಂದ ನೋಡಿದೆ. ವೆಲ್ಡಿಂಗ್ ಬೀಡ್‌ಗೆ, ಅಂದರೆ ಬೆಸೆದ ಗೆರೆಗೆ, ಏನೂ ಆಗಿರಲಿಲ್ಲ, ಅದರ ಪಕ್ಕಕ್ಕೇ ಗೆರೆ ಎಳೆದ ಹಾಗೆ ಪೈಪು ಬಿಟ್ಟುಕೊಂಡಿತ್ತು. ತಪ್ಪು ನನ್ನದೇ. ಗಟ್ಟಿ ಇರಲಿ ಅಂತ ಕರೆಂಟ್ ಜಾಸ್ತಿ ಇಟ್ಟು ಸುತ್ತಲೂ ಎರಡೆರಡು ಸಲ ಬೀಡ್ ಓಡಿಸಿದ್ದೆ. ಬೀಡ್‌ನ ಅಂಚಿನಲ್ಲಿ ಪೈಪು ಕರಗಿ ಸಣ್ಣ ಕಾಲುವೆ ಬಿದ್ದಿತ್ತು, ನಾವು ಅಂಡರ್‌ಕಟ್ ಅನ್ನುತ್ತೇವಲ್ಲ, ಅದು. ದಿನಾ ಅಲುಗಾಡುವ ಕಬ್ಬಿಣ ಸೀಳುವುದು ಅಂಥ ಜಾಗದಲ್ಲೇ. ಗೇಟಿನಲ್ಲಿ ಹತ್ತು ವರ್ಷ ಇದ್ದರೂ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಎರಡನೇ ಸಲ ಕೂಲಿ ತೆಗೆದುಕೊಳ್ಳಲಿಲ್ಲ, ಕಬ್ಬಿಣದ ದುಡ್ಡು ಮಾತ್ರ. ಈ ಸಲ 16 ಗೇಜ್, ಅಂದರೆ 1.6 ಎಂಎಂ ಪೈಪು. 20 ಅಡಿಗೆ 6 ಕೆಜಿಯೂ ಬರುವುದಿಲ್ಲ. ಅಡ್ಡ ಪೈಪು ಎಂಟರಿಂದ ಆರಕ್ಕೆ ಇಳಿಸಿದೆ. ಉಳಿದ ಕಬ್ಬಿಣದಲ್ಲಿ ಸ್ವಲ್ಪ ಕಾಲಿಗೆ ಹಾಕಿದೆ. ನಾಲ್ಕರ ಬದಲು ಆರು ಕಾಲು, 40 ಎಂಎಂ ಅಗಲ 6 ಎಂಎಂ ದಪ್ಪದ ಪಟ್ಟಿಯದು. ಬುಡದಲ್ಲಿ ಗಟರ್ ಉದ್ದಕ್ಕೆ 4 ಇಂಚು ಕೂರುವ ಹಾಗೆ, ಪೈಪು ಸೇರುವ ಜಾಗದಲ್ಲಿ ತ್ರಿಕೋನದ ಸಣ್ಣ ತಗಡು ಕೊಟ್ಟು. ಮೊದಲ ಸಲ ಟೇಪು ಹಿಡಿದು ಸಮ ಸಮ ದೂರಕ್ಕೆ ಕಾಲು ಇಟ್ಟಿದ್ದೆ, ನೋಡೋಕೆ ಚಂದ ಇತ್ತು. ಈಗ ಬಾಗಿಲ ಕಂಬಗಳು ಎಲ್ಲಿ ಮೇಲೆ ಬರುತ್ತವೋ ಅದರ ಹತ್ತಿರಕ್ಕೇ ಇಟ್ಟೆ, ಭಾರ ಇಳಿಯುವುದು ಆ ಕಂಬಗಳಲ್ಲಿ. ಗಾಡಿಯ ಮಾಡಿನ ತಗಡಿನ ಮೇಲೆ ಮಾತ್ರ ಯಾವ ಕಾಲನ್ನೂ ಊರಬೇಡಿ, ಅದು ಡಬ್ಬದ ಮುಚ್ಚಳದ ಹಾಗೆ ಒಳಗೆ ಹೋಗುತ್ತದೆ. ಎಲ್ಲ ಸೇರಿ ತೂಕ 30ರ ಹತ್ತಿರ ಬಂತು. ಇಳಿದ 20 ಕೆಜಿ ಅಂದರೆ ನಾಲ್ಕು ಸ್ಪ್ರಿಂಕ್ಲರ್ ಪೈಪಿನ ತೂಕ.

ತೆಳು ಪೈಪಿಗೆ ಕೈ ಸ್ವಲ್ಪ ಪಳಗಿರಬೇಕು. 2.5 ಎಂಎಂನ 6013 ನಂಬರಿನ ವೆಲ್ಡಿಂಗ್ ರಾಡು, 65-70 ಆಂಪಿಯರ್, ಒಂದೊಂದು ಇಂಚು ಬೀಡ್ ಹಾಕಿ ಎದುರು ಮೂಲೆಗೆ ಹೋಗುವುದು. ಒಂದೇ ಕಡೆ ಓಡಿಸಿದರೆ ಪೈಪು ತೂತಾಗುತ್ತದೆ, ಇಲ್ಲದಿದ್ದರೆ ಇಡೀ ಫ್ರೇಮ್ ತಿರುಚಿಕೊಂಡು ಒಂದು ಕಾಲು ಗಿಡ್ಡ ಇರುವ ಸ್ಟೂಲ್ ಆಗುತ್ತದೆ.

ಇನ್ನೊಂದು ಹೇಳಬೇಕು, ನಾಚಿಕೆ ಬಿಟ್ಟು. ಕಾಲಿನ ಅಳತೆ ಹೊಂದಿಸುವಾಗ ಗಾಡಿ ಮೇಲೇ ಇಟ್ಟು ಗ್ರೈಂಡರ್ ಹಿಡಿದೆ. ಬ್ಯಾಟರಿ ಟರ್ಮಿನಲ್ ಬಿಚ್ಚಿದ್ದೆ, ಅದು ಮರೆಯಲಿಲ್ಲ, ಆದರೆ ಮುಂದಿನ ಗಾಜಿಗೆ ಒದ್ದೆ ಗೋಣಿ ಹೊದಿಸಲಿಲ್ಲ. ಎರಡೇ ನಿಮಿಷದ ಕೆಲಸ ಅಲ್ವಾ ಅಂದುಕೊಂಡೆ. ಗ್ರೈಂಡರ್ ಕಿಡಿ ಗಾಜಿಗೆ ಬಿದ್ದು ಕಚ್ಚಿಕೊಂಡರೆ ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಕೈ ಆಡಿಸಿದರೆ ಮರಳು ಕಾಗದ. ಗಾಜು ಬದಲಿಸಿದ ಖರ್ಚು ನನ್ನ ತಲೆಗೇ ಬಂತು. ಈಗ ಗಾಡಿ ಮೇಲೆ ಬರೀ ಅಳತೆ, ಗುರುತು. ಕತ್ತರಿಸುವುದು, ಬೆಸೆಯುವುದು ಎಲ್ಲ ನೆಲದ ಮೇಲೆ.

ಉಳಿದಿದ್ದು ಚಿಕ್ಕಪುಟ್ಟದ್ದು. ಕ್ಲ್ಯಾಂಪಿನ ಕೆಳಗೆ ಹಳೇ ಟ್ಯೂಬಿನ ತುಂಡು, ಇಲ್ಲದಿದ್ದರೆ ಗಟರ್ ಪೇಂಟು ಕೆದರಿ ಒಂದೇ ಮಳೆಗಾಲಕ್ಕೆ ತುಕ್ಕು. ಸುಲಭಕ್ಕೆ ಸಡಿಲ ಆಗದಂತೆ ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ಟು ಹಾಕಿದರೂ ಎರಡು ದಿನ ಓಡಿಸಿ ಮತ್ತೆ ಬಿಗಿ ಮಾಡಬೇಕು. ಪೈಪಿನ ತುದಿ ಮುಚ್ಚಿ, ಕೆಳಗಿನ ಸುತ್ತಿಗೆ ಅಲ್ಲಲ್ಲಿ 5 ಎಂಎಂ ತೂತು. ನಮ್ಮ ಕಡೆ ಮಳೆಗೆ ನೀರು ಹೇಗೋ ಒಳಗೆ ಸೇರಿಯೇ ಸೇರುತ್ತದೆ, ಹೊರಗೆ ಹೋಗೋಕೆ ದಾರಿ ಇದ್ದರೆ ಸಾಕು. ಡಾಂಬರು ರಸ್ತೆಯಲ್ಲಿ ಮುಂದಿನ ಅಡ್ಡ ಪೈಪು ಗಾಳಿಗೆ ಶಿಳ್ಳೆ ಹೊಡೆಯುತ್ತದೆ. ಅದಕ್ಕೆ ಹಗ್ಗವನ್ನು ಬಳ್ಳಿ ಹಬ್ಬಿದ ಹಾಗೆ ಓರೆಯಾಗಿ ಸುತ್ತಿದರೆ ಶಬ್ದ ಇಳಿಯುತ್ತದೆ.

ಕಾನೂನಿನ ವಿಷಯ ಗಿರಾಕಿಗೆ ಮೊದಲೇ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಿಸಲು ಬಿಡುವುದಿಲ್ಲ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್, ಅಂದರೆ ಗಾಡಿಯ ಮೂತಿಗೆ ಹಾಕಿಸುವ ಕಬ್ಬಿಣದ ಗಾರ್ಡಿನ ವಿರುದ್ಧ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಹೇಳಿತ್ತು, ಹಾಗಾಗಿ ಆ ಕೆಲಸವನ್ನು ನಾನು ಮುಟ್ಟುವುದಿಲ್ಲ. ಕ್ಯಾರಿಯರ್ ಆದರೆ ಗಾಡಿಯ ಮೈಗೆ ತೂತು ಕೊರೆಯದೆ ಬಿಚ್ಚಿ ಇಡುವ ಹಾಗೆ ಮಾಡಿಕೊಡುತ್ತೇನೆ, ನಿಮ್ಮ ಆರ್‌ಟಿಒದಲ್ಲಿ ಒಂದು ಮಾತು ಕೇಳಿಕೊಳ್ಳಿ ಅನ್ನುತ್ತೇನೆ. ಗಾಡಿಯ ಪುಸ್ತಕದಲ್ಲಿ ಮಾಡಿನ ಮೇಲೆ ಎಷ್ಟು ಭಾರ ಅಂತ ಬರೆದಿದ್ದರೆ ಕ್ಯಾರಿಯರ್ ತೂಕವನ್ನೂ ಅದರಲ್ಲೇ ಸೇರಿಸಿ ಲೆಕ್ಕ ಹಾಕಿ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ತಲೆ ಮೇಲಿನ ಭಾರ ಗಾಡಿಯನ್ನು ಹೇಗೆ ವಾಲಿಸುತ್ತದೆ ಅಂತ ಓಡಿಸಿದವರಿಗೆ ಗೊತ್ತು.

ಈಗ ಗಿರಾಕಿ ಬಂದರೆ ನನ್ನ ಮೊದಲ ಪ್ರಶ್ನೆ ಉದ್ದ ಅಗಲ ಅಲ್ಲ. ಮೇಲೆ ಏನು ಹಾಕ್ತೀರಿ, ಅದು ಎಷ್ಟು ಉದ್ದ, ಯಾವ ರಸ್ತೆ? ಗೌಡ್ರಿಗೂ ಹೇಳಿದ್ದೇನೆ: ಸ್ಪ್ರಿಂಕ್ಲರ್ ಪೈಪು ತೋಟದೊಳಗೆ ಮಾತ್ರ, ಒಂದು ಸಲಕ್ಕೆ ಆರು, ಮುಂದಿನ ತುದಿಯನ್ನು ಗಾಡಿ ಎಳೆಯೋಕೆ ಕೆಳಗೆ ಕೊಟ್ಟಿರುವ ಟೋ ಹುಕ್ಕಿಗೆ ಎಳೆದು ಕಟ್ಟಬೇಕು. ಜಾಸ್ತಿ ಇದ್ದರೆ ಟ್ರ್ಯಾಕ್ಟರ್ ಇದೆಯಲ್ಲ.

ಕ್ಯಾರಿಯರ್‌ಗೆ ಕೆಜಿ ರೇಟು ಬಿಟ್ಟು ಒಟ್ಟಿಗೆ ಇಷ್ಟು ಅಂತ ಹೇಳುತ್ತೇನೆ. ಹೋದ ವರ್ಷ ಗೌಡ್ರು ಅಣ್ಣನ ಗಾಡಿಗೂ ಒಂದು ಮಾಡಿಸಿದರು. "ಕಬ್ಬಿಣ ಅರ್ಧ, ದುಡ್ಡು ಮಾತ್ರ ಅಷ್ಟೇನಾ?" ಅಂತ ತಗಾದೆ ತೆಗೆದರು. "ಗೌಡ್ರೇ, ತೆಗೆದು ಹಾಕಿದ 20 ಕೆಜಿಗೇ ದುಡ್ಡು" ಅಂದೆ. ನಕ್ಕು ಕೊಟ್ಟರು.

ಹಳೇ ಕ್ಯಾರಿಯರ್‌ನ ಕಾಲು ಕತ್ತರಿಸಿ ಅವರ ಕಣದ ಗೋಡೆಗೆ ಹೊಡೆದುಕೊಟ್ಟಿದ್ದೇನೆ, ಮೆಣಸು ಕೊಯ್ಯುವ ಏಣಿ ಇಡೋಕೆ. ಅಲ್ಲಿ ಅದು ಆನೆ ಹಾಗೇ ನಿಂತಿದೆ.