ಬಜೆಟ್‌ನಲ್ಲಿ ಕೊನೆಗೌಡರ ಕೂಲಿ

ಫೈನಲ್ ಇಯರ್ ಪ್ರಾಜೆಕ್ಟ್‌ಗೆ ವಿಷಯ ಹುಡುಕುವುದು ನಮಗೆ ಕಷ್ಟವಾಗಲಿಲ್ಲ. ನಮ್ಮ ತಂಡದವರೆಲ್ಲ ತೀರ್ಥಹಳ್ಳಿ ಕಡೆಯವರು, ಅಡಿಕೆ ಮನೆಯ ಮಕ್ಕಳು. ಗೊನೆ ಎಷ್ಟು ಹೊತ್ತು ಒದ್ದೆಯಾಗಿಯೇ ಇರುತ್ತದೆ ಎಂದು ಅಳೆದು, ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಬಗ್ಗೆ ಮೊದಲೇ ಎಚ್ಚರಿಸುವ ಸಣ್ಣ ಯಂತ್ರ ಮಾಡುವುದೆಂದು ಹೊರಟೆವು. ಕಷ್ಟವಾಗಿದ್ದು ದುಡ್ಡು. ಮನೆಯಲ್ಲಿ ಕೇಳೋಣ ಎಂದರೆ ಎಲೆಚುಕ್ಕಿ ರೋಗಕ್ಕೆ ಸಿಕ್ಕಿ ಫಸಲೇ ಇಳಿದಿತ್ತು.

ಒಂದು ಶನಿವಾರ ಶಿವಮೊಗ್ಗದ ಸಹಕಾರ ಸಂಘವೊಂದಕ್ಕೆ ಹೋದೆವು. ಅಲ್ಲಿನ ಹಿರಿಯ ನಿರ್ದೇಶಕರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಕೊಳೆ ಬರೋದು ಮಳೆ ಹಿಡಿದ ಮೇಲೆ. ನಿಮ್ಮ ಪರೀಕ್ಷೆ ಅಷ್ಟರಲ್ಲಿ ಮುಗಿದಿರುತ್ತೆ ಅಲ್ವಾ? ಬೇಸಿಗೇಲಿ ಏನು ಅಳೀತೀರಿ ತಮ್ಮಾ?" ಎಂದರು. ನಮ್ಮಲ್ಲಿ ಯಾರೂ ಬಾಯಿ ಬಿಡಲಿಲ್ಲ. ದುಡ್ಡು ಕೊಡಲು ಬೈಲಾದಲ್ಲಿ ಅವಕಾಶ ಇಲ್ಲವಂತೆ. ಆದರೆ ತಮ್ಮದೇ ತೋಟದಲ್ಲಿ ಯಂತ್ರ ಕಟ್ಟಿ ನೋಡಿ ಎಂದು ಪತ್ರ ಬರೆದುಕೊಟ್ಟರು.

ಮಧ್ಯಾಹ್ನ ಗೈಡ್ ಮೇಡಂ ಆ ಪತ್ರ ನೋಡಿ, "ಇದು ದುಡ್ಡಿಗಿಂತ ಜಾಸ್ತಿ ಕೆಲಸಕ್ಕೆ ಬರುತ್ತೆ" ಎಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಷ್ಟೋ ವರ್ಷದಿಂದ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ನೆರವು ಕೊಡುತ್ತಿದೆ. ಅರ್ಜಿ ಕಾಲೇಜಿನ ಮೂಲಕವೇ ಹೋಗಬೇಕು. ಲ್ಯಾಪ್‌ಟಾಪ್ ಎಂದು ಬರೆದಿದ್ದ ಸಾಲನ್ನು ಮೇಡಂ ಒಂದೇ ಗೆರೆಯಲ್ಲಿ ಹೊಡೆದು ಹಾಕಿದರು. ಉಳಿದದ್ದು ಸೆನ್ಸರ್, ಬ್ಯಾಟರಿ, ಸೋಲಾರ್ ಪ್ಯಾನೆಲ್, ಓಡಾಟದ ಖರ್ಚು.

ನಿರ್ದೇಶಕರ ಪ್ರಶ್ನೆಗೆ ಕೊಟ್ಟ ಉತ್ತರವೇ ನಮ್ಮ ಅರ್ಜಿಯ ಜೀವವಾಯಿತು. ಮಾರ್ಚ್‌ನಲ್ಲಿ ತೋಟದ ಸ್ಪ್ರಿಂಕ್ಲರ್ ನೀರಿನಲ್ಲಿ ಯಂತ್ರವನ್ನು ಪರೀಕ್ಷಿಸುವುದು, ಮಳೆಗಾಲದ ಲೆಕ್ಕ ಜೂನಿಯರ್‌ಗಳು ತೆಗೆಯುವುದು ಎಂದು ಬರೆದೆವು. ಇದರಿಂದ ಯಾರಿಗೆ ಉಪಯೋಗ ಎಂಬುದಕ್ಕೆ ಹುಡುಕಬೇಕಾಗಿರಲಿಲ್ಲ. ಕೊಳೆ ಬಾರದಂತೆ ತಡೆಯಲು 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು ಸೇರಿಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಒಂದು ಸಲ, 40–45 ದಿನ ಬಿಟ್ಟು ಮತ್ತೊಂದು ಸಲ ಹೊಡೆಯಬೇಕು. ಆ ಎರಡನೇ ಸಲದ್ದೇ ತಲೆನೋವು. ಮಳೆ ಬಿಡುವು ಕೊಡಬೇಕು, ಅಡಿಕೆ ಮರ ಹತ್ತುವ ಕೆಲಸಗಾರರಾದ ಕೊನೆಗೌಡರೂ ಸಿಗಬೇಕು. ಯಾವ ತೋಟಕ್ಕೆ ಅವಸರ, ಯಾವುದು ಕಾಯಬಹುದು ಎಂದು ಗೊತ್ತಾದರೆ ಅಷ್ಟೇ ಸಾಕು.

ಮಂಜೂರಾದದ್ದು ಕೇಳಿದ್ದಕ್ಕಿಂತ ಕಡಿಮೆ. ಸೋಲಾರ್ ಪ್ಯಾನೆಲ್ ಬಿಟ್ಟೆವು. ಹಣ ಬಂದಿದ್ದು ಕಾಲೇಜಿನ ಖಾತೆಗೆ, ಆದ್ದರಿಂದ ಪ್ರತಿಯೊಂದಕ್ಕೂ ಬಿಲ್. ಯಂತ್ರ ಮರಕ್ಕೆ ಕಟ್ಟಿದ ಕೊನೆಗೌಡರು ಎಲ್ಲಿಂದ ಬಿಲ್ ತರಬೇಕು? ಅಕೌಂಟ್ಸ್ ವಿಭಾಗದವರು ವೋಚರ್ ಮೇಲೆ ಸಹಿ ಸಾಕು ಎಂದರು. ಕೊನೆಗೌಡರು ಸಹಿ ಹಾಕಿ ದುಡ್ಡು ಎಣಿಸಿಕೊಂಡು, "ಹತ್ತಿಸಿದ ಕೂಲಿ ಬಂತು. ಇಳಿಸೋ ಕೂಲಿ ಯಾರು ಕೊಡ್ತಾರೆ, ಜೂನಿಯರ್ರಾ?" ಎಂದು ಕೇಳಿದರು.