ಟೆವಿಯೆಯ ಮನೆ ಕೊನೆಗೂ ತಿರುಗಿತು

ನಾಟಕದ ತಯಾರಿಯ ಆರನೇ ವಾರ. ಶನಿವಾರ ರಾತ್ರಿ ಹತ್ತರ ಹೊತ್ತಿಗೆ ಇಬ್ಬರೇ ತಳ್ಳಿದೆವು, ರಂಗದ ಮೇಲಿನ ಮನೆ ನಿಂತಲ್ಲೇ ಅರ್ಧ ಸುತ್ತು ತಿರುಗಿತು. ಸದ್ದೇ ಇಲ್ಲ. ಮೂರು ವಾರದಿಂದ ಇದಕ್ಕೇ ಕಾಯುತ್ತಿದ್ದೆ.

ಅಮೆರಿಕದ ಒಹಾಯೋದ ನಮ್ಮ ಸಣ್ಣ ಊರಿನ ರಂಗಮಂದಿರ ಈ ಬಾರಿ ‘ಫಿಡ್ಲರ್ ಆನ್ ದ ರೂಫ್’ ಎಂಬ ಸಂಗೀತ ನಾಟಕ ಆಡುತ್ತಿದೆ. ನಾನು ರಂಗಸಜ್ಜಿಕೆ, ಪರಿಕರದ ಕಡೆ. 1905ರ ರಷ್ಯಾದಲ್ಲಿ ಅನತೆವ್ಕಾ ಎಂಬ ಯಹೂದಿ ಹಳ್ಳಿ, ಅಲ್ಲಿ ಹಾಲು ಮಾರುವ ಟೆವಿಯೆ, ಅವನ ಐವರು ಹೆಣ್ಣುಮಕ್ಕಳು. ಕಥೆ ಒಮ್ಮೆ ಅಂಗಳದಲ್ಲಿ, ಮರುಗಳಿಗೆ ಮನೆಯೊಳಗೆ. 1964ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೆ ಬಂದಾಗ ರಂಗವಿನ್ಯಾಸಕ ಬೋರಿಸ್ ಅರಾನ್ಸನ್ ಇದಕ್ಕೆ ತಿರುಗುವ ರಂಗವನ್ನೇ ರೂಪಿಸಿದ್ದರು. ನಮ್ಮಲ್ಲಿ ಅದಿಲ್ಲ. ಹಾಗಾಗಿ 4×8 ಅಡಿಯ ಎರಡು ಅಟ್ಟಣಿಗೆಗಳನ್ನು ಬೋಲ್ಟ್ ಹಾಕಿ ಜೋಡಿಸಿ, ಕೆಳಗೆ ಚಕ್ರ ಕೊಟ್ಟೆವು.

ತಪ್ಪಾದದ್ದು ಚಕ್ರದಲ್ಲೇ. ಎಲ್ಲ ದಿಕ್ಕಿಗೂ ಹೊರಳುವ ಚಕ್ರ ಹಾಕಿದ್ದೆ. ತಳ್ಳಿದಾಗಲೆಲ್ಲ ಮನೆ ಒಂದೊಂದು ಕಡೆ ಜಾರಿ, ಬಾಗಿಲು ಬೆಳಕಿನಿಂದಾಚೆ ಹೋಗಿ ನಿಲ್ಲುತ್ತಿತ್ತು. ಈ ವಾರ ಅವನ್ನೆಲ್ಲ ಕಿತ್ತೆ. ನಡುವೆ ನೆಲಕ್ಕಿಳಿಯುವ ಒಂದು ಕಬ್ಬಿಣದ ಗೂಟ. ಸುತ್ತ ಹೊರಳದ ಚಕ್ರಗಳು, ಪ್ರತಿಯೊಂದೂ ಗೂಟದಿಂದ ಎಳೆದ ಗೆರೆಗೆ ಅಡ್ಡಲಾಗಿ. ಗಾಣ ಸುತ್ತಿದ ಹಾಗೆ ಈಗ ಅದಕ್ಕೆ ಒಂದೇ ದಾರಿ.

ನಾಟಕದ ಮದುವೆ ದೃಶ್ಯದಲ್ಲಿ ಬರುವ ಬಾಟಲಿ ಕುಣಿತದ ಬಗ್ಗೆ ಬರೆಯಲೇಬೇಕು. 1964ರ ಆ ಪ್ರಯೋಗದ ನಿರ್ದೇಶಕ ಜೆರೋಮ್ ರಾಬಿನ್ಸ್, ಸಂಪ್ರದಾಯಸ್ಥರಾದ ಹಸಿದಿಕ್ ಪಂಥದ ಯಹೂದಿಗಳ ಮದುವೆಗಳಿಗೆ ಹೋಗಿ, ತಲೆಯ ಮೇಲೆ ಬಾಟಲಿ ಇಟ್ಟು ಕುಣಿಯುವವನನ್ನು ಕಂಡು ಕಟ್ಟಿದ್ದಿದು. ಟೋಪಿಯಲ್ಲಿ ತೂತು ಕೊರೆದು ಬಾಟಲಿ ಸಿಕ್ಕಿಸೋಣವೇ ಎಂದು ಒಬ್ಬರು ಕೇಳಿದರು. ನಾನು ಬೇಡವೆಂದೆ. ಬಿದ್ದೀತು ಎಂಬ ಭಯ ನೋಡುವವರಿಗೂ ಇದ್ದರೇ ಆ ಕುಣಿತ. ಬೆಂಗಳೂರಿನ ಕರಗದ ರಾತ್ರಿ ಬೀದಿಬದಿಯಲ್ಲಿ ಉಸಿರು ಬಿಗಿಹಿಡಿದು ನಿಂತವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಟೋಪಿಯ ನೆತ್ತಿಯನ್ನು ಒಳಗಿನಿಂದ ಗಟ್ಟಿ ರಟ್ಟು ಕೊಟ್ಟು ಚಪ್ಪಟೆ ಮಾಡಿದೆ. ಪ್ಲಾಸ್ಟಿಕ್ ಬಾಟಲಿಗಳ ತಳಕ್ಕೆ ಮರಳು ತುಂಬಿದೆ. ಉಳಿದದ್ದು ಹುಡುಗರ ಮಂಡಿಗೆ ಬಿಟ್ಟದ್ದು: ಕುಕ್ಕುರುಗಾಲಲ್ಲಿ ಕಾಲು ಚಾಚುವಾಗ ತಲೆ ಒಂದಿಂಚೂ ಏರಿಳಿಯಬಾರದು. ಗುರುವಾರದ ತಾಲೀಮಿನಲ್ಲಿ ನಾಲ್ವರಲ್ಲಿ ಮೂವರು ಕೊನೆತನಕ ದಾಟಿದರು. ನಾಲ್ಕನೆಯವನ ಬಾಟಲಿ ಬಿತ್ತು. ಎತ್ತಿಕೊಂಡು, ಸಾಲಿನಿಂದ ಸರಿದು ಚಪ್ಪಾಳೆ ತಟ್ಟುತ್ತ ನಿಂತ. ಪ್ರದರ್ಶನದ ದಿನವೂ ಬಿದ್ದರೆ ಹಾಗೇ ಮಾಡುವುದೆಂದು ಒಪ್ಪಿಕೊಂಡಿದ್ದೇವೆ.

ಮೇಣಬತ್ತಿ, ಮದುವೆ ಚಪ್ಪರದ ನಾಲ್ಕು ಕೋಲು ಸಿದ್ಧ. ಸೂರಿನ ಮೇಲೆ ಪಿಟೀಲಿನವನು ಕೂರುವ ಕಡೆ ಅಡ್ಡಪಟ್ಟಿ ಇನ್ನೂ ಬಡಿಯಬೇಕು. ಅದಾಗುವವರೆಗೆ ಅವನನ್ನು ಹತ್ತಲು ಬಿಡುವುದಿಲ್ಲ.

ಹಾಲಿನ ಗಾಡಿಯದೊಂದು ಉಳಿದಿದೆ. ಕೊನೆಯಲ್ಲಿ ಊರಿಗೆ ಊರೇ ಒಕ್ಕಲೆದ್ದಾಗ ಟೆವಿಯೆ ಮನೆಯ ಸಾಮಾನೆಲ್ಲ ಅದರಲ್ಲೇ ಹೇರಿಕೊಂಡು ತಾನೇ ಎಳೆಯುತ್ತಾನೆ. ಗಂಟುಗಳೊಳಗೆ ಥರ್ಮಕೋಲ್ ತುಂಬಿದ್ದೆ. ಆ ಪಾತ್ರ ಮಾಡುವವರು ನಿನ್ನೆ ಎಳೆದು ನೋಡಿ, ‘ಇದು ಬೇಡ, ನಿಜವಾದ ಭಾರ ಹಾಕಿ’ ಎಂದರು. ಎರಡು ಮರಳುಮೂಟೆ ಇಟ್ಟು ಮತ್ತೆ ಎಳೆಸಿದೆವು. ಮೊದಲ ಹೆಜ್ಜೆಗೇ ಅವರ ಹೆಗಲು ಮುಂದಕ್ಕೆ ಬಾಗಿತು. ತಾಲೀಮಿಗೆ ಬಂದಿದ್ದವರೆಲ್ಲ ಮಾತು ನಿಲ್ಲಿಸಿ ನೋಡಿದರು. ಅಚ್ಚುಮರ ಮಾತ್ರ ಕಿರುಗುಟ್ಟಿತು. ನಾಳೆ ಬಿಚ್ಚಿ, ದಪ್ಪನೆಯದು ಹಾಕುತ್ತೇನೆ.